ದಿನಕ್ಕೊಂದು ಸ್ಕೆಚ್ಚು

ನಮ್ಮ ಮನೆಯಲ್ಲಿ ಏಳು ವಾರ ನಡೆದ ರಾದ್ಧಾಂತಕ್ಕೆಲ್ಲ ಒಂದೇ ಒಂದು ಪದ ಕಾರಣ. ಅದು ಮಾವನ ಬಾಯಿಂದ ಬಿದ್ದದ್ದು ಅವರೆಕಾಯಿ ಕಾಲದ ಒಂದು ಭಾನುವಾರ ಮಧ್ಯಾಹ್ನ, ಎಲ್ಲರೂ ಊಟಕ್ಕೆ ಕೂತಿದ್ದಾಗ.

“ನಾಳೆಯಿಂದ ದಿನಕ್ಕೊಂದು ಸ್ಕೆಚ್ಚು ಮಾಡಾನ ಅನ್ಕಂಡಿದ್ದೀನಿ” ಅಂದರು.

ಮಾವ ಅಂದರೆ ಸಣ್ಣರಂಗಯ್ಯ. ಮೂವತ್ನಾಲ್ಕು ವರ್ಷ ಸರ್ವೇಯರ್ ಆಗಿದ್ದು ನಿವೃತ್ತರಾದವರು. ನಮ್ಮ ಬಡವನಹಳ್ಳಿ ಸುತ್ತಮುತ್ತ ಅವರ ಅಳತೆ ಚೈನು ಬೀಳದ ಹೊಲವೇ ಇಲ್ಲ. ನಮ್ಮ ಕಡೆ ಸ್ಕೆಚ್ ಅಂದರೆ ಅರ್ಥ ಒಂದೇ. ಹೊಲವೋ ಮನೆಯೋ ಪಾಲಾಗಬೇಕಾದರೆ ಸರ್ವೆಯವರು ಬಂದು ಅಳೆದು, ಗಡಿ ಗೆರೆ ಎಳೆದು, ಸಹಿ ಹಾಕಿ ಕೊಡುವ ಕಾಗದ. ಅದು ಕೈಗೆ ಬಂತು ಅಂದರೆ ಪಾಲು ಮುಗಿದ ಹಾಗೆಯೇ. ಮಾವ ಕೆಲಸದಲ್ಲಿದ್ದಾಗ ಬೆಳಿಗ್ಗೆ ಆರಕ್ಕೆಲ್ಲ ಜಗಲಿ ಮೇಲೆ ಜನ ಬಂದು ಕೂರುತ್ತಿದ್ದರು. “ಸಾರ್, ನಮ್ ಸ್ಕೆಚ್ ಆಯ್ತಾ?” ಅದೊಂದೇ ಪ್ರಶ್ನೆ.

ಹಾಗಾಗಿ ಆ ಭಾನುವಾರ ಎಲ್ಲರ ಕೈಯಲ್ಲೂ ಮುದ್ದೆ ತುತ್ತು ನಿಂತುಬಿಟ್ಟಿತು. ಮೊದಲು ಬಾಯಿ ಬಿಟ್ಟವನು ನನ್ನ ಮೈದುನ ಹಾಲೇಶ. ಅವನು ಬಸ್ ಕಂಡಕ್ಟರು, ಮಧ್ಯಾಹ್ನ ಮನೆಯಲ್ಲಿ ಸಿಗುವುದು ಹೆಚ್ಚಾಗಿ ಭಾನುವಾರ.

“ಯಾತಕ್ಕಪ್ಪಾ ಈಗ?”

“ಸುಮ್ನೆ ಕಣ್ಲಾ. ಕಣ್ ಆಪ್ರೇಸನ್ ಆದ್ಮೇಲೆ ಎಲ್ಲಾ ಗೆರೆಗೆರೆಯಾಗಿ ಚೆನ್ನಾಗ್ ಕಾಣ್ತೈತೆ. ಕೂತು ಕೂತು ಬೇಜಾರು.”

“ಮೊದ್ಲು ಯಾವ್ದು ಮಾಡ್ತೀಯಾ?” ಅಂತ ನನ್ನ ಗಂಡ ದೇವರಾಜು ಕೇಳಿದರು. ಬಸ್ ಸ್ಟಾಂಡ್ ರಸ್ತೆಯಲ್ಲಿ ಮೋಟರ್ ರಿವೈಂಡಿಂಗ್ ಅಂಗಡಿ ಅವರದು. ಏನು ಕೇಳಿದರೂ ತಂತಿ ಸುತ್ತುವ ಹಾಗೆ ನಿಧಾನಕ್ಕೆ ಕೇಳುವ ಮನುಷ್ಯ.

“ಮೊದ್ಲು ಹಿತ್ಲು. ಆಮ್ಯಾಕೆ ಮನೆ. ಹೊಲದ್ ಕಡೀಕೆ ಆಮೇಲೆ ನೋಡಾನ.”

ನನ್ನ ಓರಗಿತ್ತಿ ವರಲಕ್ಷ್ಮಿ ನನ್ನ ಮುಖ ನೋಡಿದಳು. ನಾನು ಸಾರಿನ ಪಾತ್ರೆ ನೋಡಿದೆ. ಅತ್ತೆ ಮಹಾಲಕ್ಷ್ಮಮ್ಮ ಮಾತ್ರ ಸೌಟನ್ನು ಟಣ್ಣನೆ ಪಾತ್ರೆಗೆ ಹಾಕಿ ಹೇಳಿದರು, “ನಾನಿರೋಗಂಟ ಈ ಮನೇಲಿ ಒಂದೇ ಒಲೆ. ನೀವೇನಾರ ಬರ್ಕಳಿ.”

“ಒಲೆ ಸುದ್ದಿ ಯಾತಕ್ ಬಂತೇ ಈಗ?” ಅಂದರು ಮಾವ.

ಅತ್ತೆಯ ಭಯ ಇವತ್ತಿನದಲ್ಲ. ಅವರು ಮದುವೆಯಾಗಿ ಬಂದದ್ದು ಬುಕ್ಕಾಪಟ್ಟಣದ ಹತ್ತಿರದ ಮಾವನ ಊರಿಗೆ. ಅಲ್ಲಿ ಮೂರು ಜನ ಅಣ್ಣತಮ್ಮಂದಿರು ಬೇರೆಯಾದಾಗ ಮಾವ ಹೊಸದಾಗಿ ಕೆಲಸಕ್ಕೆ ಸೇರಿದ್ದರು. ಸರ್ವೇಯರ್ ಮನೆಯಲ್ಲೇ ಇರುವಾಗ ಹೊರಗಿನವರು ಯಾಕೆ ಅಂತ ಅವರ ಕೈಲೇ ಗೆರೆ ಎಳೆಸಿದರು. ಗೆರೆ ಅಡುಗೆಮನೆ ಮೇಲೆ ಹಾದು ಅಣ್ಣನ ಪಾಲಿಗೆ ಹೋಯಿತು. ಅತ್ತೆ ಎರಡು ತಿಂಗಳ ದೇವರಾಜುವನ್ನು ಮಡಿಲಲ್ಲಿ ಹಾಕಿಕೊಂಡು ದನದ ಕೊಟ್ಟಿಗೆಯಲ್ಲಿ ಮೂರು ಕಲ್ಲು ಇಟ್ಟು ಮುದ್ದೆ ತಿರುವಿದರು. ಇದನ್ನು ನನಗೆ ಹದಿನಾಲ್ಕು ವರ್ಷದಲ್ಲಿ ನೂರು ಸಲ ಹೇಳಿದ್ದಾರೆ. ಪ್ರತಿ ಸಲವೂ ಕೊನೆಗೆ ಮಾವನ ಕಡೆ ತಿರುಗಿ “ಎಳೆದಿದ್ದು ಇವ್ರೇಯ” ಅನ್ನುತ್ತಾರೆ. ಮಾವ ಪ್ರತಿ ಸಲವೂ ಎದ್ದು ಹೊರಗೆ ಹೋಗುತ್ತಾರೆ.

ನಾನೂ ಏನು ಸಾಧ್ವಿಯಲ್ಲ, ಈಗಲೇ ಹೇಳಿಬಿಡುತ್ತೇನೆ. ನಾನು ಪ್ರೈಮರಿ ಶಾಲೆ ಮೇಡಮ್ಮು. ಎಂಟೂವರೆಗೆ ಬಸ್ಸು. ಏಳಕ್ಕೆ ವರಲಕ್ಷ್ಮಿ ಮಿಕ್ಸಿಗೆ ಚಟ್ನಿ ಹಾಕಿ ಕೂತರೆ ನನ್ನ ದೋಸೆ ಹಿಟ್ಟು ಕಾಯಬೇಕು. ಉಪ್ಪಿನ ಡಬ್ಬಿ ಒಂದು ದಿನ ಇದ್ದ ಕಡೆ ಇನ್ನೊಂದು ದಿನ ಇರುವುದಿಲ್ಲ. ನನ್ನದೇ ಒಂದು ಅಡುಗೆಮನೆ, ನನ್ನದೇ ಒಂದು ಉಪ್ಪಿನ ಡಬ್ಬಿ ಅಂತ ಆಸೆ ನನಗೂ ಇತ್ತು. ಮಾವ ಸ್ಕೆಚ್ಚು ಅಂದಾಗ ಒಳಗೆ ಖುಷಿಯಾಯಿತು. ಮಕ್ಕಳಿಗೆ ಸ್ಕೆಚ್ ಪೆನ್ನು ಕೊಡಿಸುವ ಮೇಷ್ಟ್ರಮ್ಮ ನಾನು, ಸ್ಕೆಚ್ ಅಂದರೆ ಚಿತ್ರ ಅಂತ ಹೊಳೆಯಲೇ ಇಲ್ಲ.

ಮಾರನೇ ದಿನ ಮಾವ ಅಟ್ಟದಿಂದ ಟ್ರಂಕು ಇಳಿಸಿದರು. ಕಂಪ್ಯೂಟರ್ ಬರುವ ಮುಂಚಿನ ಕಾಲದ ನಿಬ್ಬುಗಳು, ಎರಡು ಬಾಟಲಿ ಕಪ್ಪು ಇಂಕು, ಒಂದು ಟೇಪು. ಹಿತ್ತಲ ಮೆಟ್ಟಿಲ ಮೇಲೆ ಕೂತು ಬಟ್ಟೆ ಒಗೆಯುವ ಕಲ್ಲು ಬರೆದರು. ಶಾಲೆಯಿಂದ ಬಂದವಳೇ ನೋಡಿದೆ. ಕಲ್ಲು ಚೆನ್ನಾಗಿಯೇ ಇತ್ತು, ಮಧ್ಯೆ ಸವೆದ ತಗ್ಗು, ಪಕ್ಕದಲ್ಲಿ ಸೋಪಿನ ಚೂರು. ಆದರೆ ಮೂಲೆಯಲ್ಲಿ ಒಂದು ಬಾಣ, ಅದರ ತುದಿಗೆ ‘ಉ’. ಉತ್ತರ ದಿಕ್ಕಿನ ಗುರುತು. ಕೆಳಗೆ ತಾರೀಕು, ಅದರ ಕೆಳಗೆ ಸಹಿ.

“ಒಗೆಯೋ ಕಲ್ಲಿಗೆ ಉತ್ತರ ಯಾಕೆ ಮಾವ?” ಅಂತ ಕೇಳಿದೆ.

“ಅಭ್ಯಾಸ ಕಣಮ್ಮ. ಕೈ ತಾನಾಗೇ ಹಾಕ್ತು.”

ಆ ಕಾಗದವನ್ನು ದೇವರಾಜು ಬೆಳಕಿಗೆ ಹಿಡಿದು ಹಿಂದುಮುಂದು ನೋಡಿದರು. “ಕಲ್ಲು ಯಾರಿಗೆ ಅಂತ ಗುರುತು ಮಾಡ್ಕಂತಾವ್ರೆ ಅನ್ಸುತ್ತೆ” ಅಂದರು ನನ್ನ ಹತ್ತಿರ, ಮೆಲ್ಲಗೆ. ನಾನು ಹೌದು ಅಂದೆ. ಅಂಥ ಪೆದ್ದಿ ನಾನು.

ಆಮೇಲೆ ಶುರುವಾಯಿತು. ದಿನಾ ಒಂದು. ನೀರಿನ ತೊಟ್ಟಿ, ಬಾಗಿಲ ಚಿಲಕ, ಅಟ್ಟದ ಏಣಿ, ಹಂಡೆ. ಒಂದು ವಾರ ಬರೀ ನಿಬ್ಬು. ಎರಡನೇ ವಾರದಿಂದ ಪ್ರಯೋಗ. ಇಂಕಿಗೆ ನೀರು ಬೆರೆಸಿ ನೆರಳು ಹಾಕುವುದು, ಕಾಫಿ ಡಿಕಾಕ್ಷನ್ನಿನಲ್ಲಿ ಗೋಡೆಗೆ ಬಣ್ಣ, ಬಟ್ಟೆಯ ನೀಲಿಯಲ್ಲಿ ಆಕಾಶ. ನಿಬ್ಬು ಸಾಲದೆಂದು ಪೊರಕೆ ಕಡ್ಡಿ, ಜಾಲಿ ಮುಳ್ಳು. ಒಂದು ದಿನ ಅತ್ತೆಯ ಒಗ್ಗರಣೆ ಸೌಟಿನಲ್ಲಿ ಇಂಕು ಕದಡಿದರು.

“ಇದ್ರಾಗೇನು ನಿಮ್ಗೆ ಸಾಸ್ವೆ ಸಿಡಿಸ್ಲಾ?” ಅಂತ ಅತ್ತೆ ಸೌಟು ಎತ್ತಿ ಹಿಡಿದು ಕೇಳಿದರು.

“ತೊಳುದ್ರೆ ಹೋಗ್ತದೆ ಬುಡೇ.”

“ತೊಳ್ಯೋಳ್ ನಾನಲ್ವಾ.”

ಮೂರನೇ ದಿನಕ್ಕೆ ಹುಳಿಸಾರಿನ ಬಣ್ಣ ಯಾಕೋ ಸರಿಯಿಲ್ಲ ಅಂತ ಹಾಲೇಶ ತಟ್ಟೆ ದೂಡಿದ. ಸೌಟು ಹೊಸದು ಬಂತು. ಹಳೆಯದು ಮಾವನ ಟ್ರಂಕಿಗೆ ಸೇರಿತು.

ನಮಗೆ ಕಾಣುತ್ತಿದ್ದದ್ದು ಚಿತ್ರ, ನಿಜ. ಆದರೆ ಪ್ರತಿ ಚಿತ್ರಕ್ಕೂ ಬಾಣ, ತಾರೀಕು, ಸಹಿ. ಚಿತ್ರಕ್ಕೆ ಯಾರಾದರೂ ಉತ್ತರ ಹಾಕುತ್ತಾರೆಯೇ? ಹಾಗಾಗಿ ಒಬ್ಬೊಬ್ಬರೂ ಒಂದೊಂದು ಲೆಕ್ಕ ಹಾಕಿದೆವು. ದೇವರಾಜು ಹೇಳುವ ಪ್ರಕಾರ ಅಪ್ಪ ಒಂದೊಂದು ಸಾಮಾನನ್ನೂ ದಾಖಲೆ ಮಾಡುತ್ತಿದ್ದಾರೆ. ಹಾಲೇಶನ ಪ್ರಕಾರ, “ಅಣ್ಣನ್ ಕಡೀಕೆ ಸೇರ್ಕಂಡು ಅಪ್ಪ ನಮ್ಗೇ ಸ್ಕೆಚ್ ಹಾಕ್ತಾವ್ನೆ.” ಈ ಮಾತು ಅವನು ಬಸ್ಸಿನಲ್ಲಿ ಯಾರಿಗೋ ಹೇಳಿ, ಅದು ಸುತ್ತಿಕೊಂಡು ನನ್ನ ಶಾಲೆಗೇ ಬಂತು. ಅದೇ ವಾರ ಶಿರಾದಿಂದ ಸ್ಟೇಷನರಿ ಅಂಗಡಿಯ ಕರೀಮ್ ಸಾಬ್ ಫೋನು ಮಾಡಿದರು. “ಸುನಿತಾ ಮೇಡಂ, ನಿಮ್ ಮಾವನೋರ್ ಸ್ಕೆಚ್ಚಿಗೆ ದಪ್ಪ ಪೇಪರ್ ಬಂದೈತೆ, ಐವತ್ತು ಶೀಟು. ಕಳಿಸ್ಕೊಡ್ಲಾ, ಇಲ್ಲಾ ಅವ್ರೇ ಬತ್ತಾರಾ?” ದಪ್ಪ ಪೇಪರ್ ಅಂದ ಮೇಲೆ ನಮ್ಮ ತಲೆಗೆ ಬಂದದ್ದು ಛಾಪಾ ಕಾಗದ.

ಆ ನಂತರ ಮನೆಯಲ್ಲಿ ಮಾವನಿಗೆ ಬಂದ ಮರ್ಯಾದೆ ನೋಡಬೇಕಿತ್ತು. ಹಾಲೇಶ ಡ್ಯೂಟಿ ಮುಗಿಸಿ ಬರುವಾಗ ಏಲಕ್ಕಿ ಬಾಳೆ ತಂದ. ದೇವರಾಜು ಮಾವ ಕೂರುವ ಜಾಗಕ್ಕೆ ಬಲ್ಬು ಹಾಕಿಸಿದರು. ವರಲಕ್ಷ್ಮಿ ನಿಬ್ಬು ಇಡಲು ಗುಂಡಿ ಇರುವ ಬಟ್ಟೆ ಚೀಲ ಹೊಲಿದು ಕೊಟ್ಟಳು. ನಾನು ಹುರುಳಿ ಬಸ್ಸಾರು ಬೇಡವೆಂದು ಅವರಿಗಿಷ್ಟವಾದ ಹಿತಕಿದ ಬೇಳೆ ಸಾರು ಮಾಡಿದೆ, ಅದೂ ಶಾಲೆಗೆ ರಜೆ ಹಾಕಿ ಬೇಳೆ ಹಿತುಕಿ. ಮಾವ ತಟ್ಟೆ ನೋಡಿ ನಮ್ಮನ್ನೆಲ್ಲ ಒಂದು ಸುತ್ತು ನೋಡಿದರು.

“ಇವತ್ತೇನಮ್ಮ, ಹಬ್ಬವಾ?”

“ಏನಿಲ್ಲ ಮಾವ, ಸುಮ್ನೆ.”

“ದಿನಾ ಸುಮ್ ಸುಮ್ನೆ ಏನೇನೋ ನಡೀತೈತಲ್ಲಾ” ಅಂದರು. ಪಾಪ, ಅವರಿಗೆ ನಿಜಕ್ಕೂ ತಲೆಬುಡ ತಿಳಿದಿರಲಿಲ್ಲ.

ಅತ್ತೆ ಮಾತ್ರ ಈ ಓಲೈಕೆಗೆ ಸೇರಲಿಲ್ಲ. ಅವರು ಮಾವನ ಒಂದು ಚಿತ್ರವನ್ನೂ ತಿರುಗಿ ನೋಡಲಿಲ್ಲ. ಮಾವ ಹಿತ್ತಲಲ್ಲಿ ಕೂತರೆ ಇವರು ಜಗಲಿಗೆ ಬರುವರು. ಅವರು ಜಗಲಿಗೆ ಬಂದರೆ ಇವರು ಒಳಗೆ ಹೋಗಿ ಒಲೆ ಒರೆಸುವರು. ಮಾತಿಗೆ ಒಲೆ ಅನ್ನುತ್ತೇವೆ, ಇರುವುದು ಗ್ಯಾಸು. ಅದರ ಸ್ಟೀಲು ಕನ್ನಡಿಯ ಹಾಗೆ ಆಗಿಹೋಗಿತ್ತು.

ಒಂದು ದಿನ ಮಾವ ಹಾಲೇಶನ ಬಸ್ಸಿನಲ್ಲೇ ಕೊರಟಗೆರೆಗೆ ಹೋಗಿ, ಅಲ್ಲಿಂದ ಸಿದ್ದರಬೆಟ್ಟಕ್ಕೆ ಹೋಗಿ ಕೋತಿಯೊಂದನ್ನು ಬರೆದುಕೊಂಡು ಬಂದರು. ಕೋತಿಯ ಬಾಲದ ಪಕ್ಕ ಬಾಣ. ಆಗಲಾದರೂ ನಮಗೆ ಬುದ್ಧಿ ಬರಬೇಕಿತ್ತು. ಕೋತಿಯನ್ನು ಯಾರ ಪಾಲಿಗೆ ಹಾಕುತ್ತಾರೆ? ಹಾಲೇಶ ಅದಕ್ಕೂ ಕಾರಣ ಹೇಳಿದ, “ನಮ್ಗೆ ಅನುಮಾನ ಬರ್ದಂಗೆ ಮಧ್ಯೆ ಮಧ್ಯೆ ಇಂಥವು ಹಾಕ್ತಾವ್ನೆ.” ನನ್ನ ಗಂಡ ತಲೆಯಾಡಿಸಿದರು. ಅಣ್ಣತಮ್ಮ ಅಷ್ಟು ಒಮ್ಮತಕ್ಕೆ ಬಂದದ್ದು ಆವತ್ತೊಂದೇ ದಿನ.

ಸಂಕ್ರಾಂತಿ ಆದ ಮೂರನೇ ದಿನ ಮರದ ಗಲಾಟೆ ಬಂತು.

ನಮ್ಮ ಹಿತ್ತಲ ನಡುವೆ ನೀರಿನ ತೊಟ್ಟಿ. ಮೆಟ್ಟಿಲ ಮೇಲೆ ಕೂತು ನೋಡಿದರೆ ತೊಟ್ಟಿಯ ಎಡಕ್ಕೆ ಬೇವಿನ ಮರ, ಬಲಕ್ಕೆ ಹಳೆಯ ದನದ ಕೊಟ್ಟಿಗೆ. ದನ ಇಲ್ಲ ಈಗ, ಕಡಲೆಕಾಯಿ ಮೂಟೆ ಇವೆ. ಯಾರೂ ಬಾಯಿ ಬಿಟ್ಟು ಹೇಳಿರದಿದ್ದರೂ, ಮುಂದೊಂದು ದಿನ ತೊಟ್ಟಿಯ ಎಡಭಾಗ ಅಣ್ಣನಿಗೆ, ಬಲಭಾಗ ತಮ್ಮನಿಗೆ ಅಂತ ಮನಸ್ಸಿನಲ್ಲೇ ಇತ್ತು. ಬೇವಿನ ನೆರಳಿನಲ್ಲಿ ದೇವರಾಜು ಅಂಗಡಿಯಿಂದ ತಂದ ಮೋಟರು ಬಿಚ್ಚುತ್ತಿದ್ದರು. ವರಲಕ್ಷ್ಮಿ ಮುಂದಿನ ಕೋಣೆಯಲ್ಲಿ ಹೊಲಿಗೆ ಮೆಷಿನ್ ಇಟ್ಟುಕೊಂಡಿದ್ದಳು. ಇನ್ನೆರಡು ಮೆಷಿನ್ ಹಾಕಿ ಆ ಮರದ ಕೆಳಗೆ ಶೀಟು ಇಳಿಸಬೇಕು ಅಂತ ಅವಳ ಆಸೆ. ಅದನ್ನು ಮೂರು ವರ್ಷದಿಂದ ಹೇಳುತ್ತಿದ್ದಳು, ನನ್ನ ಗಂಡ ಮೂರು ವರ್ಷದಿಂದ “ನೋಡಾನ” ಅನ್ನುತ್ತಿದ್ದರು.

ಆವತ್ತಿನ ಚಿತ್ರದಲ್ಲಿ ಬೇವಿನ ಮರ ತೊಟ್ಟಿಯ ಬಲಕ್ಕಿತ್ತು.

ನಾನು ಶಾಲೆಯಿಂದ ಬರುವಷ್ಟರಲ್ಲಿ ಮರಕ್ಕೆ ಹಗ್ಗ ಕಟ್ಟಿ ವರಲಕ್ಷ್ಮಿ ಹನ್ನೆರಡು ಬ್ಲೌಸು ನೇತುಹಾಕಿದ್ದಳು. ದೇವರಾಜುವಿನ ಮೋಟರುಗಳನ್ನು ಹಾಲೇಶ ತೊಟ್ಟಿಯ ಆಚೆ ಸಾಲಾಗಿ ಇಟ್ಟಿದ್ದ.

“ಯಾರ್ಲಾ ಮುಟ್ಟಿದ್ದು ಇದ್ನ?” ನನ್ನ ಗಂಡ ನಿಧಾನ ಬಿಟ್ಟು ಮಾತಾಡಿದ್ದು ಆಗ.

“ಅಪ್ಪನೇ ಬರ್ದವ್ನಲ್ಲ. ಮರ ನಮ್ ಕಡೀಕೆ ಐತೆ.”

“ಮರ ಎಲ್ಲೈತೆ ಅಂತ ನಿನ್ ಕಣ್ಣಿಗ್ ಕಾಣಲ್ವಾ?”

“ನನ್ ಕಣ್ ಯಾಕಣ್ಣ, ಅಪ್ಪನ್ ಗೆರೆ ಸುಳ್ಳಾಗ್ತದಾ? ಮರ ಅಲ್ಲೇ ಇರ್ಬೋದು, ಸೇರಿರೋದು ನಮ್ಗೆ ಅಂತ ಅರ್ಥ.”

“ಆ ಚೆಟ್ಟು ನಂದೇ ಅಂತ ಮಾವಯ್ಯ ಬರ್ದವ್ರೆ ಬಾವ” ಅಂದಳು ವರಲಕ್ಷ್ಮಿ. ಪಾವಗಡದ ಕಡೆಯವಳು, ಸಿಟ್ಟು ಬಂದರೆ ಅರ್ಧ ತೆಲುಗು. “ಸಹಿ ಐತಿ, ತಾರೀಕು ಐತಿ. ಇಂಕೇಂ ಕಾವಾಲಿ, ಇನ್ನೇನ್ ಬೇಕು?”

ನಾನು ಸುಮ್ಮನಿರಬೇಕಿತ್ತು. “ಮೂರ್ ವರ್ಷದಿಂದ ಮರದ ಮೇಲೇ ಕಣ್ಣು ನಿಂಗೆ” ಅಂದುಬಿಟ್ಟೆ.

“ನಿಂಗೆ ಅಡುಗೆಮನೆ ಮೇಲೆ ಇಲ್ವಾ ಅಕ್ಕ?”

ಅವಳಿಗೆ ಹೇಗೆ ಗೊತ್ತಾಯಿತೋ. ನನ್ನ ಮುಖ ಬಿಸಿಯಾಯಿತು. ಬಾಗಿಲಲ್ಲಿ ಅತ್ತೆ ನಿಂತಿದ್ದರು, ನನ್ನನ್ನೇ ನೋಡುತ್ತಿದ್ದರು.

ಗದ್ದಲ ಕೇಳಿ ಮಾವ ಬಂದರು, ಕೈಯಲ್ಲಿ ಜಾಲಿ ಮುಳ್ಳು, ಬೆರಳೆಲ್ಲ ಕಪ್ಪು.

“ಅಪ್ಪ, ಮರ ಯಾರಿಗೆ ಬರ್ದಿದ್ದೀಯಾ? ಇಲ್ಲೇ ಹೇಳ್ಬುಡು” ಅಂದರು ದೇವರಾಜು.

“ಯಾರಿಗೂ ಬರ್ದಿಲ್ಲ ಕಣ್ಲಾ. ಎಡಕ್ಕೆ ಆಗ್ಲೇ ಗೋಡೆ ಬಂದಿತ್ತು, ಇಕ್ಕಟ್ಟಾಗಿತ್ತು. ಬಲಕ್ಕೆ ಕಾಗದ ಖಾಲಿ ಹೊಡೀತಿತ್ತು. ಅಲ್ಲಿಗೆ ಹಾಕ್ದೆ. ಚೆನ್ನಾಗ್ ಕಾಣ್ತು.”

“ಇರೋ ಮರಾನ ಇಲ್ದಿರೋ ಕಡೆ ಹಾಕ್ದಾ?”

“ಹೂಂ.”

ಇಬ್ಬರು ಮಕ್ಕಳೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರು ಹುಟ್ಟಿದಾಗಿನಿಂದ ಮಾವ ಎಳೆದ ಗೆರೆ ಸುಳ್ಳಾದದ್ದು ಕೇಳಿಲ್ಲ. ಅಂಗುಲ ಆಚೀಚೆ ಹಾಕಿಕೊಡಿ ಅಂತ ಗೋಗರೆದವರನ್ನು ಜಗಲಿಯಿಂದ ಎಬ್ಬಿಸಿ ಕಳಿಸಿದ ಮನುಷ್ಯ. ಅವರು ಒಂದು ಮರವನ್ನೇ ಎತ್ತಿ ಆಚೆ ಇಟ್ಟೆ, ಚೆಂದಕ್ಕೆ ಇಟ್ಟೆ ಅಂದರೆ ಯಾರು ನಂಬುತ್ತಾರೆ? ಅಪ್ಪ ತಮ್ಮನಿಗೆ ಒಳಗೊಳಗೇ ಒಲಿದಿದ್ದಾರೆ ಅಂತ ದೇವರಾಜು ಅಂದುಕೊಂಡರು. ಅಪ್ಪ ಅಣ್ಣನಿಗೆ ಹೆದರಿ ಮಾತು ಬದಲಾಯಿಸಿದರು ಅಂತ ಹಾಲೇಶ ಅಂದುಕೊಂಡ. ಅತ್ತೆ ಮೂರನೆಯದು ಹೇಳಿದರು.

“ತಲೆ ಕೆಟ್ಟೈತೆ ಇವ್ರಿಗೆ. ಕಣ್ಣಿಗ್ ಕೈ ಹಾಕ್ದೋರು ತಲೆಗೂ ಏನೋ ಮಾಡವ್ರೆ. ತುಮಕೂರಿಗ್ ಕರ್ಕಂಡೋಗಿ ತೋರಿಸ್ರಿ ಅಂದ್ರೆ ಮರದ ಕೆಳಗ್ ನಿಂತು ಕಿತ್ತಾಡ್ತಾವ್ರೆ.”

ಮಾವ ಮುಳ್ಳನ್ನು ತೊಟ್ಟಿಯ ಅಂಚಿನ ಮೇಲಿಟ್ಟು ಒಳಗೆ ಹೋದರು. ಮಾರನೇ ದಿನ ಚಿತ್ರ ಬರೆಯಲಿಲ್ಲ. ಅದರ ಮಾರನೇ ದಿನ ಬರೆದರು, ಬರೀ ಒಂದು ಚೊಂಬು.

ಆ ಎರಡು ವಾರ ಹೇಗಿತ್ತು ಅಂದರೆ, ಅಡುಗೆ ಒಂದೇ ಕಡೆ ಆಗುತ್ತಿತ್ತು, ಊಟ ನಾಲ್ಕು ಸಲ. ದೇವರಾಜು ಬಂದರೆ ಹಾಲೇಶ ಏಳುವನು. ವರಲಕ್ಷ್ಮಿ ತಟ್ಟೆಯನ್ನು ಮೆಷಿನ್ ಮೇಲಿಟ್ಟುಕೊಂಡು ತಿನ್ನುವಳು. ಬ್ಲೌಸುಗಳು ಮರದ ಮೇಲೇ ಇದ್ದವು, ಮೋಟರುಗಳು ಬಿಸಿಲಲ್ಲಿ. ಅತ್ತೆ ಒಬ್ಬೊಬ್ಬರಿಗೂ ಬೇರೆ ಬೇರೆ ಬಡಿಸಿ, ಕೊನೆಗೆ ತಾವು ಒಲೆ ಮುಂದೆ ಕೂತು ತಣ್ಣಗಾದ ಮುದ್ದೆ ಮುರಿಯುವರು. ನೋಡಲಾರದೆ ನಾನೊಂದು ದಿನ ಹತ್ತಿರ ಕೂತೆ.

“ಅತ್ತೆ, ಬೇರೆ ಆದ್ರೂ ಒಂದೇ ಮನೆ ಅಲ್ವಾ? ಗೋಡೆ ಒಂದು ಬರ್ತದೆ ಅಷ್ಟೆ.”

“ನಿಂಗೆ ಅಷ್ಟೇಯ” ಅಂದರು.

ಕೊನೆಗೆ ನನ್ನ ಗಂಡ ನಾಗಲಿಂಗಯ್ಯನವರಿಗೆ ಫೋನು ಮಾಡಿದರು. ಹಿಂದೆ ಮಾವನ ಕೈಕೆಳಗೆ ಕೆಲಸ ಕಲಿತವರು, ಈಗ ಅವರೇ ಸರ್ವೇಯರು. “ಒಂದ್ಸಲ ಬಂದು ಅಪ್ಪನ್ ಸ್ಕೆಚ್ಚು ನೋಡಿ, ಏನು ಅಂತ ನಮ್ಗೆ ಹೇಳಿ” ಅಂದರು. ಯಾವುದೋ ಹೊಲ ಅಳೆಯಲು ಈ ಕಡೆ ಬಂದಿದ್ದ ಅವರು ಶನಿವಾರ ಬೆಳಿಗ್ಗೆ ಅಳತೆಯ ಪೆಟ್ಟಿಗೆ ಸಮೇತ ಬಂದೇಬಿಟ್ಟರು.

ಜಗಲಿಯ ಮೇಲೆ ನಲವತ್ತಾರು ಚಿತ್ರ ಹರಡಿದೆವು. ನಾಗಲಿಂಗಯ್ಯ ಕನ್ನಡಕ ಹಾಕಿಕೊಂಡು ಒಂದೊಂದಾಗಿ ನೋಡಿದರು. ಮೊದಲು ಗಂಭೀರವಾಗಿದ್ದ ಮುಖ ಬರಬರುತ್ತಾ ಗೊಂದಲಕ್ಕೆ ಬಿತ್ತು.

“ಸಾರ್, ತಪ್ಪು ತಿಳ್ಕೋಬೇಡಿ. ಉತ್ತರ ತಪ್ಪಾಗೈತಲ್ಲ.”

“ಯಾವುದ್ರಲ್ಲಿ?” ಅಂದರು ದೇವರಾಜು.

“ಎಲ್ಲಾದ್ರಲ್ಲೂ. ನೋಡಿ, ಇದ್ರಲ್ಲಿ ಬಾಣ ಬಾವಿ ಕಡೆ ತೋರಿಸ್ತೈತೆ, ಇದ್ರಲ್ಲಿ ಬಸ್ ಸ್ಟಾಂಡ್ ಕಡೆ, ಇದ್ರಲ್ಲಿ ಮೇಲಕ್ಕೆ ಹೋಗೈತೆ. ಚಕ್ಕುಬಂದಿ ಎಲ್ಲೂ ಬರ್ದಿಲ್ಲ. ಪೂರ್ವಕ್ಕೆ ಏನು, ಪಶ್ಚಿಮಕ್ಕೆ ಏನು ಅಂತ ನಾಕು ದಿಕ್ಕಿಗೂ ಬರೀದಿದ್ರೆ ಅದು ಸ್ಕೆಚ್ಚೇ ಅಲ್ಲ. ಇದು ಬರೀ ಚಿತ್ರ ಕಣ್ರೀ ದೇವರಾಜು.”

ಏಳು ವಾರದಲ್ಲಿ ನಾವು ನಾಲ್ಕು ಜನ ಆ ಬಾಣಗಳನ್ನು ದಿನಾ ನೋಡಿದ್ದೆವು. ಮಾವ ಹಾಕಿದ ಉತ್ತರ ಸರಿಯೋ ತಪ್ಪೋ ಅಂತ ಸೂರ್ಯ ಹುಟ್ಟುವ ಕಡೆ ಒಂದು ಸಲ ತಿರುಗಿ ನೋಡಿರಲಿಲ್ಲ.

“ಗೊತ್ತಿದ್ದೂ ತಪ್ಪು ಹಾಕಿದ್ರಾ ಸಾರ್?” ನಾಗಲಿಂಗಯ್ಯ ಮೆಲ್ಲಗೆ ಕೇಳಿದರು. ಬಾಗಿಲ ಸಂದಿಯಲ್ಲಿ ಅತ್ತೆ ಉಸಿರು ಹಿಡಿದು ನಿಂತಿದ್ದು ನನಗೆ ಕಾಣುತ್ತಿತ್ತು.

“ಹೂಂ ಕಣಪ್ಪ” ಅಂದರು ಮಾವ. “ಮೂವತ್ನಾಕು ವರ್ಷ ಉತ್ತರ ಎಲ್ಲೈತೋ ಅಲ್ಲಿಗೇ ಹಾಕ್ದೆ. ಈಗ ಎಲ್ಲಿ ಚೆಂದ ಕಾಣ್ತದೋ ಅಲ್ಲಿಗ್ ಹಾಕ್ತೀನಿ. ಯಾರ್ಗೇನ್ ಕಷ್ಟ?”

ನನಗೆ ನಗು ಬಂತು, ಅಳುವೂ ಬಂತು. ದೇವರಾಜು ತಲೆ ಕೆರೆದುಕೊಂಡರು. ಅಲ್ಲಿಗೆ ಮುಗಿಯಬೇಕಿತ್ತು. ಎಲ್ಲರೂ ಒಂದು ಲೋಟ ಕಾಫಿ ಕುಡಿದು, ನಾಗಲಿಂಗಯ್ಯನವರನ್ನು ಬಸ್ಸು ಹತ್ತಿಸಿ ಬಂದಿದ್ದರೆ ಮುಗಿದೇಹೋಗುತ್ತಿತ್ತು.

ಆದರೆ ಹಾಲೇಶ ಕೇಳಿದ, “ಅಂಗಾದ್ರೆ ನಿಜವಾದ್ ಸ್ಕೆಚ್ಚು ಯಾವಾಗ?”

ಅದು ಇಷ್ಟು ದಿನ ಎಲ್ಲರ ಗಂಟಲಲ್ಲೂ ಇದ್ದ ಪ್ರಶ್ನೆಯೇ. ಮಾವ ದೇವರಾಜುವಿನ ಮುಖ ನೋಡಿದರು. ದೇವರಾಜು ನನ್ನ ಮುಖ ನೋಡಿದರು. ಮನೆಗೆ ಹಿರಿ ಸೊಸೆ ನಾನು. ಬೇಡ ಅನ್ನಲು ನನಗೆ ಅರ್ಧ ನಿಮಿಷ ಸಿಕ್ಕಿತ್ತು. ನಾನು ಹೇಳಿದ್ದು ಇದು.

“ಹೆಂಗೂ ಬಂದವ್ರೆ. ಅಳ್ಕೊಂಡೇ ಹೋಗ್ಲಿ.”

ಈ ಎರಡು ಮಾತನ್ನು ನಾನು ಯಾರ ಮೇಲೂ ಹಾಕುವ ಹಾಗಿಲ್ಲ. ಒಳಗೆ ಪಾತ್ರೆ ಸದ್ದಾಯಿತು. ಅತ್ತೆ ಬಾಗಿಲಿಂದ ಹೋಗಿದ್ದರು.

ಒಂದೇ ಗಂಟೆಯಲ್ಲಿ ಅಳತೆ ಮುಗಿಯಿತು. ತೊಟ್ಟಿಯಿಂದ ನೇರವಾಗಿ ಗೆರೆ. ಎಡಕ್ಕೆ ನಾವು. ಅಡುಗೆಮನೆ ಎಡಕ್ಕೇ ಇತ್ತು. ಬಲಕ್ಕೆ ಮುಂದಿನ ಕೋಣೆ, ಅದರ ಹಿಂದಿನದು, ಹಿತ್ತಲ ಕೊಟ್ಟಿಗೆ. ಕೊಟ್ಟಿಗೆಗೆ ಗಾರೆ ಹಾಕಿಸಿ ಅಡುಗೆಮನೆ ಮಾಡಿಕೊಳ್ಳಬೇಕು ಅಂತ ಆಯಿತು.

“ಬೇವಿನ ಮರ ಎಲ್ಲಿ ತೋರಿಸ್ತೀರಿ?” ಹಾಲೇಶ ಬಗ್ಗಿ ನೋಡಿದ.

“ಇಂಥ ಸ್ಕೆಚ್ಚಿಗೆ ಮರ ಬರಲ್ಲಪ್ಪ” ಅಂದರು ನಾಗಲಿಂಗಯ್ಯ. “ಬರೀ ಗಡಿ.”

ಮಾವ ಸಹಿ ಹಾಕಿದರು. ಬೆರಳಿನ ಕಪ್ಪು ಕಾಗದದ ಅಂಚಿಗೆ ಒಂಚೂರು ಹತ್ತಿತು.

“ಅತ್ತೆ ಎಲ್ಲಿ ಉಣ್ತಾರೆ?” ಅಂತ ಕೇಳಿದವಳು ವರಲಕ್ಷ್ಮಿ. ಅದುವರೆಗೆ ಯಾರಿಗೂ ಆ ಯೋಚನೆ ಬಂದಿರಲಿಲ್ಲ. ಒಂದೊಂದು ತಿಂಗಳು ಒಂದೊಂದು ಕಡೆ ಅಂದ ಹಾಲೇಶ. ಅವನ ಹೆಂಡತಿ ಅವನನ್ನು ನೋಡಿದ ನೋಟಕ್ಕೆ ಅವನು ಬಸ್ಸಿಗೆ ಹೊತ್ತಾಯಿತು ಅಂತ ಹೊರಟ.

ಮಧ್ಯಾಹ್ನ ಅವಳು ಬ್ಲೌಸು ತೆಗೆಯುತ್ತಿದ್ದಾಗ ನಾನು ಹೇಳಿದೆ, “ಮರ ನಮ್ ಕಡೆ ಬಂದ್ರೇನು, ನೆರಳಿಗೆ ಮೆಷಿನ್ ಹಾಕ್ಕೋ. ನಾನಿವ್ರಿಗೆ ಹೇಳ್ತೀನಿ.”

“ಇನ್ಮೇಲೆ ಕೇಳ್ಕೊಂಡು ಬರ್ಬೇಕಲ್ಲಕ್ಕ” ಅಂದಳು. ಇನ್ನೊಂದು ಬ್ಲೌಸು ಮಡಿಸಿ, “ನಾನ್ ಕೇಳಿದ್ದು ನೆರಳು. ಕೊಟ್ಟಿಗೆ ಅಲ್ಲ.”

ಹದಿನೈದು ದಿನದಲ್ಲಿ ಗಾರೆ ಒಣಗಿತು. ಗುರುವಾರ ಹೊಸ ಗ್ಯಾಸ್ ಒಲೆ ಬರುವುದೆಂದು ಗೊತ್ತಾಯಿತು. ಬುಧವಾರ ನಾನು ಶಾಲೆಗೆ ರಜೆ ಹಾಕಿದೆ. ಯಾಕೆ ಅಂತ ನನಗೇ ಸರಿಯಾಗಿ ಗೊತ್ತಿಲ್ಲ.

ಬೆಳಿಗ್ಗೆ ಮಾವ ಹಿತ್ತಲ ಮೆಟ್ಟಿಲಲ್ಲಿ ಕೂತು ನಿಬ್ಬು ಒರೆಸುತ್ತಿದ್ದಾಗ ಅತ್ತೆ ಹೋಗಿ ಎದುರಿಗೆ ನಿಂತರು.

“ಇವತ್ತಿನ್ ಸ್ಕೆಚ್ಚು ಅಡುಗೆಮನೇದು ಮಾಡಿ.”

ಮಾವ ತಲೆ ಎತ್ತಿದರು. ಅತ್ತೆ ತಾವಾಗಿ ಒಂದು ಚಿತ್ರ ಕೇಳಿದ್ದು ಅದೇ ಮೊದಲು.

“ನಿಮ್ ಚೆಂದಕ್ಕೆ ಒಲೆ ಅತ್ಲಾಗೆ ಇತ್ಲಾಗೆ ಎಳೀಬ್ಯಾಡಿ. ಎಲ್ಲೈತೋ ಅಲ್ಲೇ ಇರ್ಲಿ. ನಾವು ಎಲ್ಲೆಲ್ಲಿದ್ದೀವೋ ಅಲ್ಲಲ್ಲೇ.”

ಅತ್ತೆ ಒಳಗೆ ಬಂದು ಒಲೆಯ ಮುಂದೆ ಮಣೆ ಹಾಕಿಕೊಂಡು ಕೂತರು, ಅವರೆಕಾಳಿನ ಮೊರ ಮುಂದಿಟ್ಟುಕೊಂಡು. ವರಲಕ್ಷ್ಮಿಯನ್ನು ಕರೆದು ಈರುಳ್ಳಿ ಹೆಚ್ಚಲು ಕೂರಿಸಿದರು. ನನಗೆ ಮುದ್ದೆ ಕೋಲು ಕೊಟ್ಟರು. ಮಾವ ಬಂದರು. ಟ್ರಂಕಿನಿಂದ ಹಳೆಯ ಟೇಪು ತೆಗೆದು ತುದಿಯನ್ನು ನನ್ನ ಕಡೆ ಚಾಚಿದರು.

“ಹಿಡ್ಕಳಮ್ಮ.”

ನಾನು ಕೋಲು ಕೆಳಗಿಟ್ಟು ಹಿಡಿದುಕೊಂಡೆ. ಗೋಡೆಯಿಂದ ಒಲೆಗೆ, ಒಲೆಯಿಂದ ಅತ್ತೆಯ ಮಣೆಗೆ, ಮಣೆಯಿಂದ ಬಾಗಿಲಿಗೆ. ಉಪ್ಪಿನ ಡಬ್ಬಿ ಇರುವ ಗೂಡು ನೆಲದಿಂದ ಎಷ್ಟು ಎತ್ತರ ಅನ್ನುವುದನ್ನೂ ಅಳೆದರು. ನನ್ನ ಕೈಯಲ್ಲಿ ಟೇಪು ಸಡಿಲವಾದರೆ “ಬಿಗಿಯಾಗ್ ಹಿಡಿ” ಅನ್ನುವರು. ಅಳತೆಯನ್ನೆಲ್ಲ ಬರೆದುಕೊಂಡು ಬಾಗಿಲ ಬಳಿ ಕೂತು ಶುರುಮಾಡಿದರೆ ಮಧ್ಯಾಹ್ನ ಎರಡಾದರೂ ಏಳಲಿಲ್ಲ. ಸಾರು ತಳ ಹಿಡಿಯಿತು. ಅತ್ತೆ ಏಳಲಿಲ್ಲ, ನಮ್ಮನ್ನೂ ಏಳಗೊಡಲಿಲ್ಲ. ಅವರು ಆರಿಸಿದ ಕಾಳನ್ನೇ ಮತ್ತೆ ಆರಿಸುತ್ತಿದ್ದರು. ವರಲಕ್ಷ್ಮಿ ಕಣ್ಣು ಒರೆಸಿಕೊಂಡಳು, ಈರುಳ್ಳಿ ಹೆಚ್ಚಿ ಮುಗಿದು ಎಷ್ಟೋ ಹೊತ್ತಾಗಿತ್ತು.

ಬರೆದದ್ದು ಮುಗಿಸಿ ಮಾವ ಅತ್ತೆಯ ಕೈಗೆ ಕೊಟ್ಟರು. ಅತ್ತೆ ಬಹಳ ಹೊತ್ತು ನೋಡಿದರು.

“ನಾನು ಇಷ್ಟು ಕುಳ್ಳಾ?” ಅಂದರು.

“ಅಳ್ದೇ ಹಾಕಿರೋದು” ಅಂದರು ಮಾವ.

ಕಾಗದ ಆಮೇಲೆ ನನ್ನ ಕೈಗೆ ಬಂತು. ಮೂಲೆಯಲ್ಲಿ ಬಾಣ ಇತ್ತು. ನನಗೇನು ತೋಚಿತೋ, ಅವರು ಕೂತಿದ್ದ ಜಾಗದಲ್ಲೇ ಕೂತು ಕಾಗದ ನೆಲಕ್ಕೆ ಹಾಸಿ ಪಕ್ಕದಲ್ಲಿ ಫೋನಿನ ದಿಕ್ಸೂಚಿ ಇಟ್ಟು ನೋಡಿದೆ. ಬಾಣ ಸರಿಯಾಗಿ ಉತ್ತರಕ್ಕೇ ಇತ್ತು, ಒಂದು ಕೂದಲೆಳೆಯೂ ಆಚೀಚೆ ಇರಲಿಲ್ಲ. ಸಹಿಯ ಕೆಳಗೆ ‘ನಿವೃತ್ತ ತಾಲ್ಲೂಕು ಸರ್ವೇಯರ್’ ಅಂತ ಬರೆದಿದ್ದರು. ಬೇರೆ ಯಾವ ಚಿತ್ರದಲ್ಲೂ ಅದು ಇರಲಿಲ್ಲ. ಅದರ ಪಕ್ಕದಲ್ಲಿ, ಆಫೀಸಿನ ಕಾಗದಕ್ಕೆ ಬರೆಯುತ್ತಿದ್ದ ಅದೇ ಗುಂಡನೆಯ ಅಕ್ಷರದಲ್ಲಿ, ಚಕ್ಕುಬಂದಿ.

ಪೂರ್ವಕ್ಕೆ ವರಲಕ್ಷ್ಮಿ. ಪಶ್ಚಿಮಕ್ಕೆ ಸುನಿತಾ. ಉತ್ತರಕ್ಕೆ ಉಪ್ಪಿನ ಗೂಡು. ದಕ್ಷಿಣಕ್ಕೆ ಮಹಾಲಕ್ಷ್ಮಮ್ಮ. ಈ ಮಧ್ಯೆ ಇರುವ ಒಲೆ, ಒಂದು.

ವರಲಕ್ಷ್ಮಿ ನನ್ನ ಭುಜದ ಮೇಲಿಂದ ಬಗ್ಗಿ ಓದಿದಳು. ಮತ್ತೊಂದು ಸಲ ಓದಿದಳು.

“ಅಕ್ಕ, ನಂಗೊಂದು ಜೆರಾಕ್ಸ್ ಮಾಡಿಸ್ಕೊಡು” ಅಂದಳು.

ಪಾಲಿನ ಕಾಗದ ಯಾವಾಗಲೂ ಹಾಗೇ, ಎರಡು ಕಡೆಯವರಿಗೂ ಒಂದೊಂದು ಪ್ರತಿ. ಗುರುವಾರ ಅವಳ ಒಲೆ ಬರುವ ಮುಂಚೆ ಬಸ್ ಸ್ಟಾಂಡಿಗೆ ಹೋಗಿ ಎರಡು ಜೆರಾಕ್ಸ್ ಮಾಡಿಸಿಕೊಂಡು ಬಂದೆ. ಅವಳದು ಕೊಟ್ಟಿಗೆಯ ಗೋಡೆ ಮೇಲಿದೆ, ನನ್ನದು ಉಪ್ಪಿನ ಗೂಡಿನ ಪಕ್ಕ. ಅಸಲನ್ನು ಅತ್ತೆ ಮಡಿಸಿ ತಮ್ಮ ಮದುವೆ ಸೀರೆಯ ಕೆಳಗೆ ಇಟ್ಟುಕೊಂಡರು.